ಕ್ರೂಸ್ ಹಡಗಿನಲ್ಲಿ ರಾತ್ರಿಯೂಟಕ್ಕೆ ಯಾವ ಹೊತ್ತು? ಅಲಾಸ್ಕಾ ಯಾನಕ್ಕೆ ಹೊರಡುವ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬಂದ ಅಪ್ಪ ಅಮ್ಮಂದಿರನ್ನು ಸಿಯಾಟಲ್‌ನಿಂದ ಹೊರಡುವ ಏಳು ರಾತ್ರಿಗಳ ಅಲಾಸ್ಕಾ ಕ್ರೂಸಿಗೆ ಕರೆದುಕೊಂಡು ಹೋಗುವುದು ಈಗ ಅಲ್ಲಿನ ಕನ್ನಡ ಕುಟುಂಬಗಳಿಗೆ ಹೊಸದೇನಲ್ಲ. ಕ್ಯಾಬಿನ್ ಯಾವ ಡೆಕ್ಕಿನಲ್ಲಿರಬೇಕು, ಬಾಲ್ಕನಿ ಬೇಕೇ ಬೇಡವೇ ಎಂದು ವಾರಗಟ್ಟಲೆ ಚರ್ಚಿಸುವವರು, ಬುಕ್ಕಿಂಗಿನ ಕೊನೆಯಲ್ಲಿ ಬರುವ ‘ರಾತ್ರಿಯೂಟ ಎಷ್ಟು ಗಂಟೆಗೆ?’ ಎಂಬ ಪ್ರಶ್ನೆಗೆ ಮಾತ್ರ ಅರೆಕ್ಷಣದಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ. ಮನೆಯಲ್ಲಿ ಎಂಟೂವರೆಗೆ ಉಣ್ಣುವ ರೂಢಿಯಿದ್ದುದರಿಂದ 8:15ರ ಸರದಿಯೇ ನಮಗೆ ಸರಿ ಎಂದುಕೊಂಡೆ. ನಾಲ್ಕನೆಯ ರಾತ್ರಿ, ದಿನವಿಡೀ ಸುತ್ತಾಡಿ ಹಡಗಿಗೆ ಮರಳಿದ ನಮ್ಮ ತಾಯಿ ಸೂಪು ಬರುವ ಮುನ್ನವೇ ಕುರ್ಚಿಯಲ್ಲಿ ತೂಕಡಿಸತೊಡಗಿದಾಗ, ನಾನು ಗುರುತು ಹಾಕಿದ್ದು ಒಂದು ಊಟದ ಹೊತ್ತಿಗಲ್ಲ, ಏಳು ಸಂಜೆಗಳ ಇಡೀ ದಿನಚರಿಗೆ ಎಂಬುದು ತಿಳಿಯಿತು.

ಆದ್ದರಿಂದ ಈ ಲೆಕ್ಕವನ್ನು ಹಸಿವಿನಿಂದ ಶುರುಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಹಡಗು ಯಾವ ಬಂದರಿನಲ್ಲಿ ಎಷ್ಟು ಹೊತ್ತಿನವರೆಗೆ ನಿಲ್ಲುತ್ತದೆ ಎಂಬಲ್ಲಿಂದ ಹಿಡಿದು, ಮನೆಯಲ್ಲಿ ಯಾರು ಎಷ್ಟು ಗಂಟೆಗೆ ಮಲಗುತ್ತಾರೆ ಎಂಬಲ್ಲಿಗೆ ಬಂದು, ಆಮೇಲೆ ಊಟದ ಗಂಟೆಯನ್ನು ಗೊತ್ತುಮಾಡಬೇಕು. ಮುಂದೆ ಹೇಳಿರುವ ಹೆಜ್ಜೆಗಳೆಲ್ಲ ಈ ಕ್ರಮದಲ್ಲೇ ಇವೆ.

ಮೊದಲು ತಿಳಿಯಬೇಕಾದದ್ದು: ಆಯ್ಕೆಗಳು ಯಾವುವು

ದೊಡ್ಡ ಹಡಗುಗಳಲ್ಲಿ ಟಿಕೆಟ್ಟಿನ ದುಡ್ಡಿನಲ್ಲೇ ಸೇರಿರುವ ಮುಖ್ಯ ಭೋಜನಶಾಲೆ ಒಂದಿರುತ್ತದೆ. ಎಲ್ಲ ಪ್ರಯಾಣಿಕರೂ ಅದರಲ್ಲಿ ಏಕಕಾಲಕ್ಕೆ ಕೂರಲಾರರಾದ್ದರಿಂದ, ನಮ್ಮ ಮದುವೆಮನೆಗಳಲ್ಲಿ ಮೊದಲ ಪಂಕ್ತಿ, ಎರಡನೆಯ ಪಂಕ್ತಿ ಎಂದು ಬಡಿಸುವ ಹಾಗೆ, ಹಡಗಿನಲ್ಲೂ ಎರಡು ಸರದಿಗಳ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ. ಮೊದಲ ಸರದಿ ಸಾಮಾನ್ಯವಾಗಿ ಸಂಜೆ 5:15ರಿಂದ 6ರ ನಡುವೆ, ಎರಡನೆಯದು 7:45ರಿಂದ 8:30ರ ನಡುವೆ ಆರಂಭವಾಗುತ್ತದೆ. ಹೊತ್ತು, ಮೇಜು, ಬಡಿಸುವ ವೇಟರ್ ಮೂರೂ ಯಾನ ಮುಗಿಯುವವರೆಗೆ ಬದಲಾಗುವುದಿಲ್ಲ.

ಇನ್ನೊಂದು, ಸ್ವೇಚ್ಛೆಯ ಪದ್ಧತಿಯಲ್ಲಿ ಹೊತ್ತು ನಿಮ್ಮ ಇಷ್ಟ. ಸಂಜೆ ಐದೂವರೆಯಿಂದ ರಾತ್ರಿ ಒಂಬತ್ತು, ಒಂಬತ್ತೂವರೆಯವರೆಗೆ ಯಾವಾಗ ಬೇಕಾದರೂ ಹೋಗಬಹುದು. ಮೇಜು ಖಾಲಿಯಿದ್ದರೆ ಕೂರಿಸುತ್ತಾರೆ, ಇಲ್ಲದಿದ್ದರೆ ಕಾಯಬೇಕು. ನಾರ್ವೀಜಿಯನ್ ಕ್ರೂಸ್ ಲೈನ್ 2000ದಲ್ಲಿ ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ ಸರದಿಯ ಕಟ್ಟುಪಾಡನ್ನೇ ತೆಗೆದುಹಾಕಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಈ ದಾರಿಗೆ ಬಂದರು. ರಾಯಲ್ ಕೆರಿಬಿಯನ್‌ನವರು ಇದನ್ನು ‘ಮೈ ಟೈಮ್’ ಎನ್ನುತ್ತಾರೆ, ಕಾರ್ನಿವಲ್‌ನವರು ‘ಯುವರ್ ಟೈಮ್’ ಎನ್ನುತ್ತಾರೆ. ಹೆಸರು ಬೇರೆಯಾದರೂ ಪದಾರ್ಥ ಒಂದೇ. ಡಿಸ್ನಿ ಹಡಗುಗಳದು ಮಾತ್ರ ಬೇರೆ ರೀತಿ: ಅಲ್ಲಿ ಸರದಿಯ ಹೊತ್ತು ನಿಗದಿಯಾಗಿದ್ದರೂ ಪ್ರತಿ ರಾತ್ರಿ ಬೇರೆ ಬೇರೆ ಭೋಜನಶಾಲೆಗೆ ಕಳುಹಿಸುತ್ತಾರೆ, ನಿಮ್ಮ ವೇಟರೂ ನಿಮ್ಮ ಜೊತೆಗೇ ಬರುತ್ತಾರೆ.

ಇವಲ್ಲದೆ ಬಫೆ ಇದ್ದೇ ಇದೆ, ಹೆಚ್ಚಿನ ದುಡ್ಡು ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟುಗಳೂ ಇವೆ. ಹೀಗಾಗಿ ಸರದಿಯನ್ನು ತಪ್ಪಿಸಿಕೊಂಡವರು ಉಪವಾಸ ಮಲಗಬೇಕಾಗಿಲ್ಲ. ಆಯ್ಕೆ ತಪ್ಪಿದರೆ ಆಗುವ ನಷ್ಟ ಊಟದ್ದಲ್ಲ. ಒಟ್ಟಿಗೆ ಕೂತು ಉಣ್ಣುವ ಅವಕಾಶದ್ದು, ನೋಡಬೇಕೆಂದಿದ್ದನ್ನು ನೋಡಲಾಗದೆ ಹೋಗುವುದರದ್ದು.

ಒಂದನೆಯ ಹೆಜ್ಜೆ: ಏಳು ಸಂಜೆಗಳನ್ನು ಕಾಗದದ ಮೇಲೆ ಬರೆಯಿರಿ

ಹಡಗಿನ ಕಂಪನಿಯವರು ಕೊಡುವ ವೇಳಾಪಟ್ಟಿಯಲ್ಲಿ ಪ್ರತಿ ಬಂದರಿಗೆ ತಲುಪುವ ಹೊತ್ತು, ಬಿಡುವ ಹೊತ್ತು ಎರಡೂ ಇರುತ್ತವೆ. ಒಂದು ಹಾಳೆಯಲ್ಲಿ ಏಳು ಸಾಲು ಎಳೆದು, ಪ್ರತಿ ದಿನ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ನೀವು ಎಲ್ಲಿರುತ್ತೀರಿ ಎಂದು ಬರೆದುಕೊಳ್ಳಿ. ಬಿಡುವ ಹೊತ್ತಿಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಎಲ್ಲರೂ ಹಡಗು ಹತ್ತಿರಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಒಂದು ಮಾದರಿ ಯಾನವನ್ನು ಇಟ್ಟುಕೊಂಡು ಇದನ್ನು ನೋಡೋಣ. ನಿಮ್ಮ ಹಡಗಿನಲ್ಲಿ ಬಂದರುಗಳ ಕ್ರಮ ಹಿಂದುಮುಂದಾಗಿರಬಹುದು, ಲೆಕ್ಕದ ರೀತಿ ಮಾತ್ರ ಇದೇ.

ಮೊದಲ ದಿನ ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಯಾಟಲ್ ಬಿಡುತ್ತದೆ. ಪ್ಯೂಜೆಟ್ ಸೌಂಡ್ ಎಂಬ ಕಡಲ ತೋಳಿನ ಎರಡೂ ದಡಗಳು ಕಾಣುತ್ತಿರುವಾಗ, ಬೆನ್ನ ಹಿಂದೆ ನಗರ ಸಣ್ಣದಾಗುತ್ತಿರುವಾಗ ಮೇಲಿನ ಡೆಕ್ಕಿನಲ್ಲಿ ನಿಂತಿರಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. 5:15ರ ಸರದಿಯಿದ್ದವರು ಇದನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿಯಬೇಕು. ಎರಡನೆಯ ದಿನ ಪೂರ್ತಿ ಸಮುದ್ರದಲ್ಲಿ. ಅಂದು ಯಾವ ಹೊತ್ತಾದರೂ ಒಂದೇ. ಏಳು ರಾತ್ರಿಗಳ ಯಾನದಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ ಅಲಂಕಾರದ ಉಡುಪಿನ ಊಟವಿರುತ್ತದೆ, ಅದರಲ್ಲಿ ಮೊದಲನೆಯದು ಈ ಎರಡನೆಯ ದಿನವೇ ಬೀಳುವುದು ಹೆಚ್ಚು. ರೇಷ್ಮೆ ಸೀರೆ ಉಟ್ಟು ಸಿದ್ಧವಾಗಲು ಬೇಕಾದ ಹೊತ್ತನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ದಿನ ಜುನೋ. ಇಲ್ಲಿಯೇ ತೊಡಕು. ಸಿಯಾಟಲ್‌ನಿಂದ ಬರುವ ಹಲವು ಹಡಗುಗಳು ಮಧ್ಯಾಹ್ನ ಜುನೋ ತಲುಪಿ ರಾತ್ರಿ ಒಂಬತ್ತು, ಹತ್ತರವರೆಗೆ ನಿಲ್ಲುತ್ತವೆ. ತಿಮಿಂಗಿಲಗಳನ್ನು ನೋಡಲು ದೋಣಿಯಲ್ಲಿ ಹೋಗಿ, ಹಾಗೆಯೇ ಮೆಂಡೆನ್‌ಹಾಲ್ ಹಿಮನದಿಯನ್ನೂ ನೋಡಿಕೊಂಡು ಬರುವ ಪ್ರವಾಸಕ್ಕೆ ಐದಾರು ಗಂಟೆ ಬೇಕು. ಎರಡಕ್ಕೆ ಹೊರಟವರು ಮರಳುವಾಗ ಏಳು, ಏಳೂವರೆ. ಮೊದಲ ಸರದಿಯವರಿಗೆ ಅಂದಿನ ಊಟ ತಪ್ಪಿತೆಂದೇ ಲೆಕ್ಕ. ಎರಡನೆಯ ಸರದಿಯವರಿಗೆ ಇದು ಹೇಳಿ ಮಾಡಿಸಿದ ಹಾಗಿರುತ್ತದೆ.

ನಾಲ್ಕನೆಯ ದಿನ ಸ್ಕ್ಯಾಗ್‌ವೇ. ಹಡಗು ಬೆಳಿಗ್ಗೆಯೇ ಬಂದು ಸಂಜೆಯವರೆಗೆ ನಿಲ್ಲುತ್ತದೆ. ಚಿನ್ನ ಹುಡುಕಿಕೊಂಡು ಬಂದವರ ಕಾಲದಲ್ಲಿ, 1898ರಿಂದ 1900ರ ನಡುವೆ ಕಟ್ಟಿದ ವೈಟ್ ಪಾಸ್ ರೈಲಿನಲ್ಲಿ ಘಟ್ಟ ಹತ್ತಿಳಿಯಲು ಬೆಳಗಿನ ಹೊತ್ತನ್ನೇ ಆರಿಸಿಕೊಂಡರೆ ಮಧ್ಯಾಹ್ನಕ್ಕೆಲ್ಲ ಹಡಗಿಗೆ ಮರಳಬಹುದು, ಯಾವ ಸರದಿಗೂ ಅಡ್ಡಿಯಿಲ್ಲ. ನಮ್ಮ ತಪ್ಪು ಇದ್ದದ್ದು ಇಲ್ಲಿ: ಮಧ್ಯಾಹ್ನದ ರೈಲು ಹಿಡಿದು, ಇಳಿದ ಮೇಲೆ ಪೇಟೆಬೀದಿಯಲ್ಲೂ ನಡೆದಾಡಿ, ಆಮೇಲೆ 8:15ರವರೆಗೆ ಕಾದು ಕೂತೆವು.

ಐದನೆಯ ದಿನ ಹಿಮನದಿಗಳನ್ನು ನೋಡಲು ಗ್ಲೇಸಿಯರ್ ಬೇ ಅಥವಾ ಎಂಡಿಕಾಟ್ ಆರ್ಮ್ ಎಂಬ ಕಡಲ ಕವಲಿನ ಕಡೆಗೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ಉದ್ಯಾನದ ರೇಂಜರುಗಳು ಹಡಗು ಹತ್ತಿ ದಿನವೆಲ್ಲ ವಿವರಣೆ ಕೊಡುತ್ತಾರೆ. ಹಿಮನದಿಯ ಮುಂದೆ ಹಡಗು ನಿಲ್ಲುವುದು ಹಗಲಿನಲ್ಲಾದರೂ, ಹೊರಗೆ ಬರುವ ದಾರಿಯಲ್ಲಿ ಸಂಜೆಯ ಹೊತ್ತು ತಿಮಿಂಗಿಲಗಳು ಕಾಣಿಸುವುದುಂಟು. ಅಂದು ಐದೂವರೆಗೆ ಕಿಟಕಿಯಿಂದ ದೂರದ ಮೇಜಿಗೆ ಹೋಗಿ ಕೂರಲು ಮನಸ್ಸಾಗುವುದಿಲ್ಲ.

ಆರನೆಯ ದಿನದ ಕೆಚಿಕನ್ ಬೆಳಗಿನ ಬಂದರು, ಬಹಳ ಸಲ ಮಧ್ಯಾಹ್ನವೇ ಮುಗಿಯುತ್ತದೆ. ಏಳನೆಯ ದಿನ ಕೆನಡಾದ ವಿಕ್ಟೋರಿಯಾ. ಈ ಬಂದರಿಗೆ ಹಡಗು ರಾತ್ರಿಯ ಹೊತ್ತಿಗೆ ಬರುವುದಕ್ಕೆ ಕಾರಣವಿದೆ. ವಿದೇಶಿ ಧ್ವಜದ ಹಡಗು ಪ್ರಯಾಣಿಕರನ್ನು ಅಮೆರಿಕದ ಬಂದರುಗಳ ನಡುವೆಯಷ್ಟೇ ಸಾಗಿಸುವಂತಿಲ್ಲ ಎಂಬ 1886ರ ಕಾನೂನೊಂದು ಇಂದಿಗೂ ಜಾರಿಯಲ್ಲಿರುವುದರಿಂದ, ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗು ನಡುವೆ ಎಲ್ಲಾದರೂ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಹಾಗಾಗಿ ಕೊನೆಯ ರಾತ್ರಿ ಏಳು, ಎಂಟು ಗಂಟೆಗೆ ವಿಕ್ಟೋರಿಯಾಕ್ಕೆ ಬಂದು ನಡುರಾತ್ರಿಯೊಳಗೆ ಹೊರಟುಬಿಡುತ್ತವೆ. ದೀಪಗಳಿಂದ ಬೆಳಗುವ ಸಂಸತ್ ಕಟ್ಟಡ, ಬುಚಾರ್ಟ್ ಉದ್ಯಾನ ಇವನ್ನು ನೋಡಬೇಕೆಂದರೆ ಹಡಗು ನಿಲ್ಲುವ ಹೊತ್ತಿಗೆ ಊಟ ಮುಗಿದಿರಬೇಕು. ಇಲ್ಲಿ ಗೆಲ್ಲುವವರು ಮೊದಲ ಸರದಿಯವರು.

ಹಾಳೆಯ ಮೇಲೆ ಈಗ ಚಿತ್ರ ಸ್ಪಷ್ಟವಾಗುತ್ತದೆ. ಈ ಮಾದರಿಯಲ್ಲಿ ಒಂದು ರಾತ್ರಿ ತಡವಾದ ಊಟ ಬೇಕು, ಒಂದು ರಾತ್ರಿ ಬೇಗ ಮುಗಿಯಬೇಕು, ಇನ್ನೆರಡು ರಾತ್ರಿ ಆರೂವರೆ, ಏಳಾದರೆ ಚೆನ್ನ, ಉಳಿದವು ಹೇಗಾದರೂ ಸರಿ. ಒಂದೇ ಗಂಟೆಗೆ ಕಟ್ಟಿಹಾಕಿದರೆ ಯಾವುದಾದರೂ ಒಂದೆರಡು ರಾತ್ರಿ ಬಿಟ್ಟುಕೊಡಲೇಬೇಕು. ಯಾವ ರಾತ್ರಿಯನ್ನು ಬಿಟ್ಟುಕೊಡಲು ನೀವು ಸಿದ್ಧ ಎಂಬುದನ್ನು ಮುಂದಿನ ಹೆಜ್ಜೆ ಹೇಳುತ್ತದೆ.

ಎರಡನೆಯ ಹೆಜ್ಜೆ: ಜೊತೆಗಿರುವವರ ಮೈಯ ಗಡಿಯಾರವನ್ನು ನೋಡಿ

ಭೋಜನಶಾಲೆಯ ಊಟ ಒಂದೂವರೆಯಿಂದ ಎರಡು ಗಂಟೆಯ ವ್ಯವಹಾರ. ಮೊದಲು ಬ್ರೆಡ್ಡು, ಆಮೇಲೆ ಸೂಪು ಅಥವಾ ಸಲಾಡ್, ಆಮೇಲೆ ಮುಖ್ಯ ಖಾದ್ಯ, ಕೊನೆಗೆ ಸಿಹಿ. ಒಂದು ತಟ್ಟೆ ತೆಗೆದ ಮೇಲೆಯೇ ಇನ್ನೊಂದು ಬರುತ್ತದೆ. 8:15ಕ್ಕೆ ಕೂತವರಿಗೆ ಮುಖ್ಯ ಖಾದ್ಯ ಬರುವಾಗ ಒಂಬತ್ತು, ಏಳುವಾಗ ಹತ್ತು. ಆಮೇಲೆ ಕೂಡಲೇ ಮಲಗಿದರೆ ಎದೆಯುರಿ ಬರುವ ವಯಸ್ಸಾದವರಿಗೆ ಇದು ಸಲ್ಲದು. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆ ಇರಲಿ ಎಂದು ವೈದ್ಯರು ಹೇಳುವುದನ್ನು ಪಾಲಿಸುವವರಾದರೆ, ಎರಡನೆಯ ಸರದಿಯನ್ನು ಇಲ್ಲಿಯೇ ಹೊಡೆದುಹಾಕಿಬಿಡಿ.

ಸಕ್ಕರೆ ಕಾಯಿಲೆಯಿರುವವರ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಕ್ಯಾಬಿನ್ನಿನಲ್ಲೇ ಚುಚ್ಚಿಕೊಂಡು ಹೊರಟರೆ, ಲಿಫ್ಟಿಗೆ ಕಾದು, ಬಾಗಿಲಲ್ಲಿ ಸಾಲು ನಿಂತು, ಮೆನು ಓದಿ, ಮೊದಲ ತಟ್ಟೆ ಬರುವ ಹೊತ್ತಿಗೆ ಅರ್ಧ ಗಂಟೆಗೂ ಹೆಚ್ಚು ಕಳೆದಿರುತ್ತದೆ. ಅಷ್ಟರಲ್ಲಿ ಸಕ್ಕರೆಯ ಮಟ್ಟ ಕುಸಿಯಬಹುದು. ಯಾವಾಗ ತೆಗೆದುಕೊಳ್ಳಬೇಕೆಂದು ಹೊರಡುವ ಮುನ್ನವೇ ವೈದ್ಯರನ್ನು ಕೇಳಿಕೊಂಡಿರಬೇಕು. ಮೊದಲ ದಿನವೇ ವೇಟರಿಗೆ ವಿಷಯ ತಿಳಿಸಿದರೆ ಕೂತ ಕೂಡಲೇ ಬ್ರೆಡ್ಡನ್ನೋ ಸೂಪನ್ನೋ ತಂದಿಡುತ್ತಾರೆ. ಊಟದ ಹೊತ್ತು ದಿನಕ್ಕೊಂದು ರೀತಿ ಬದಲಾಗದಿರುವುದು ಇಂಥವರಿಗೆ ಮುಖ್ಯವಾದ್ದರಿಂದ ನಿಗದಿತ ಸರದಿಯೇ ಹೆಚ್ಚು ಕ್ಷೇಮ.

ಭಾರತದಿಂದ ಬಂದು ಒಂದೆರಡು ವಾರವೂ ಆಗಿರದ ಹಿರಿಯರಿಗೆ ಇನ್ನೂ ಒಂದು ತೊಂದರೆಯಿದೆ. ಅವರ ನಿದ್ರೆ ನೆಲೆಗೊಂಡಿರುವುದಿಲ್ಲ, ಸಂಜೆ ಏಳಕ್ಕೆಲ್ಲ ಕಣ್ಣು ಎಳೆಯುತ್ತದೆ. ಅಲಾಸ್ಕಾದ ಬೆಳಕು ಇದನ್ನು ಮತ್ತಷ್ಟು ಕೆಡಿಸುತ್ತದೆ. ಜೂನ್ ಮೂರನೆಯ ವಾರದಲ್ಲಿ ಜುನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ, ಹುಟ್ಟುವುದು ಬೆಳಗಿನ ಜಾವ ನಾಲ್ಕಕ್ಕೂ ಮುಂಚೆ. ಒಂಬತ್ತು ಗಂಟೆಗೂ ಹೊರಗೆ ಹಾಡುಹಗಲಿನಂತಿರುವಾಗ ‘ಇನ್ನೂ ಬೆಳಕಿದೆಯಲ್ಲ, ಆಮೇಲೆ ಉಂಡರಾಯಿತು’ ಎಂದು ಹಿರಿಯರೇ ಹೇಳುತ್ತಾರೆ. ಮೈ ಮಾತ್ರ ಅದನ್ನು ಒಪ್ಪುವುದಿಲ್ಲ.

ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನ ಕುಟುಂಬಗಳಿಗೆ ಇದೇ ಬೆಳಕು ವರದಾನ. ಜೂನ್ ಮೂರನೆಯ ವಾರದ ಸುಮಾರಿಗೆ ಜುನೋದಲ್ಲಿರುವಾಗ ಎರಡನೆಯ ಸರದಿಯ ಊಟವೂ ಸೂರ್ಯಾಸ್ತದೊಳಗೆ ಮುಗಿಯಬಹುದು, ಉಳಿದ ರಾತ್ರಿಗಳಲ್ಲಿ ಅಂದಂದಿನ ಸೂರ್ಯಾಸ್ತವನ್ನು ನೋಡಿಕೊಂಡೇ ಹೊತ್ತು ಗೊತ್ತುಮಾಡಬೇಕು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಮಾತ್ರ ಏಳು ದಾಟುತ್ತಿದ್ದಂತೆ ಸೂರ್ಯ ಮುಳುಗುವುದರಿಂದ ಆ ತಿಂಗಳಲ್ಲಿ ಹೋಗುವವರು ಮೊದಲ ಸರದಿಯನ್ನು ಬಿಟ್ಟು ಬೇರೆಯದನ್ನು ಯೋಚಿಸುವಂತಿಲ್ಲ. ಶನಿವಾರ ಒಪ್ಪೊತ್ತು ಮಾಡುವವರು, ಏಕಾದಶಿ ಹಿಡಿಯುವವರು ಆ ರಾತ್ರಿ ಬಫೆಯಲ್ಲಿ ಹಣ್ಣು, ಮೊಸರು ತೆಗೆದುಕೊಳ್ಳಬಹುದು, ಅದಕ್ಕಾಗಿ ಸರದಿಯನ್ನು ಬದಲಿಸಬೇಕಾಗಿಲ್ಲ.

ಮಕ್ಕಳ ಲೆಕ್ಕ ಸರಳ. ಹತ್ತು ವರ್ಷದೊಳಗಿನ ಮಗು ಎರಡನೆಯ ಸರದಿಯ ಕೊನೆಯವರೆಗೆ ಕೂರುವುದಿಲ್ಲ. ಮೊದಲ ಸರದಿಯಲ್ಲಿ ಉಂಡು, ಏಳಕ್ಕೆ ಮಕ್ಕಳ ಕ್ಲಬ್ಬಿಗೆ ಓಡುವುದು ಅವಕ್ಕೂ ಇಷ್ಟ. ಡಿಸ್ನಿ ಹಡಗುಗಳಲ್ಲಿ ಎರಡನೆಯ ಸರದಿಯ ಮಕ್ಕಳಿಗೆ ಬೇಗ ಬೇಗ ಬಡಿಸಿ, ಕ್ಲಬ್ಬಿನ ಸಿಬ್ಬಂದಿಯೇ ಭೋಜನಶಾಲೆಗೆ ಬಂದು ಅವರನ್ನು ಆಟಕ್ಕೆ ಕರೆದೊಯ್ಯುವ ಏರ್ಪಾಡಿದೆ; ದೊಡ್ಡವರು ನಿಶ್ಚಿಂತೆಯಿಂದ ಉಣ್ಣಬಹುದು.

ಮೂರನೆಯ ಹೆಜ್ಜೆ: ಶೋ ಎಷ್ಟು ಗಂಟೆಗೆ ಎಂದು ಹೊಂದಿಸಿಕೊಳ್ಳಿ

ಹಡಗಿನ ನಾಟ್ಯಶಾಲೆಯಲ್ಲಿ ಮುಖ್ಯ ಶೋ ಒಂದೇ ರಾತ್ರಿ ಎರಡು ಸಲ ನಡೆಯುತ್ತದೆ. ಸಾಮಾನ್ಯವಾಗಿ ಮೊದಲ ಸರದಿಯವರು ಉಂಡು ಬಂದು ನೋಡಲೆಂದು ಒಂದು, ಎರಡನೆಯ ಸರದಿಯವರು ನೋಡಿ ಉಣ್ಣಲು ಹೋಗಲೆಂದು ಇನ್ನೊಂದು. ಸರದಿಯವರಿಗೆ ಇದು ತಾನಾಗಿಯೇ ಹೊಂದುತ್ತದೆ. ಏಳಕ್ಕೆ ಉಣ್ಣಲು ಕೂರುವ ಸ್ವೇಚ್ಛೆಯವರಿಗೆ ಮಾತ್ರ ಎರಡು ಶೋಗಳೂ ಕೈತಪ್ಪುವ ಸಂಭವವಿದೆ. ಅವರು ಆರಕ್ಕೆ ಮುಂಚೆ ಅಥವಾ ಎಂಟರ ನಂತರ ಹೋಗಬೇಕು. ಆರೂವರೆಯಿಂದ ಏಳೂವರೆಯವರೆಗೆ ಬಾಗಿಲಲ್ಲಿ ಅತಿ ಉದ್ದದ ಸಾಲಿರುವುದರಿಂದ ಇದರಲ್ಲಿ ಇನ್ನೊಂದು ಲಾಭವೂ ಇದೆ.

ನಾಲ್ಕನೆಯ ಹೆಜ್ಜೆ: ಸಸ್ಯಾಹಾರಿಗಳಾದರೆ ವೇಟರ್ ಮುಖ್ಯ, ಗಂಟೆಯಲ್ಲ

ಊಟದ ಹೊತ್ತಿನ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳಲ್ಲಿ ನಮ್ಮವರಿಗೆ ಬೇಕಾದ ಈ ಅಂಶ ಹೆಚ್ಚಾಗಿ ಬರುವುದಿಲ್ಲ. ಮೆನುವಿನಲ್ಲಿ ಪ್ರತಿ ರಾತ್ರಿ ಒಂದೆರಡು ಸಸ್ಯಾಹಾರಿ ಖಾದ್ಯಗಳಿರುತ್ತವೆ. ಎರಡು ರಾತ್ರಿ ಪಾಸ್ತಾ ತಿನ್ನಬಹುದು, ಮೂರನೆಯ ರಾತ್ರಿ ಅಪ್ಪ ಅನ್ನ ಕೇಳುತ್ತಾರೆ. ಅಡುಗೆಮನೆಯಲ್ಲಿ ಭಾರತೀಯ ಅಡುಗೆಯವರು ಇರುವುದು ಸಾಮಾನ್ಯ. ಹಿಂದಿನ ರಾತ್ರಿಯೇ ಹೇಳಿಟ್ಟರೆ ಮರುದಿನ ಬೇಳೆಯ ದಾಲ್, ಪಲ್ಯ, ಅನ್ನ, ರೋಟಿಯನ್ನು ಮೆನುವಿನ ಹೊರಗಿನಿಂದ ಮಾಡಿಕೊಡುತ್ತಾರೆ. ಇದನ್ನು ಹೇಳಬೇಕಾದದ್ದು ವೇಟರಿಗೆ ಅಥವಾ ಆ ಭಾಗದ ಮೇಲ್ವಿಚಾರಣೆ ನೋಡುವ ಹೆಡ್ ವೇಟರಿಗೆ.

ನಿಗದಿತ ಸರದಿಯಲ್ಲಿ ವೇಟರ್ ಬದಲಾಗದಿರುವುದರಿಂದ ಮೊದಲ ರಾತ್ರಿ ಹೇಳಿದ್ದು ಕೊನೆಯ ರಾತ್ರಿಯವರೆಗೆ ನೆನಪಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಮೊಟ್ಟೆಯಿರುವ ಸಿಹಿ ಬೇಡ. ಅಪ್ಪನಿಗೆ ಊಟದ ಕೊನೆಗೆ ಮೊಸರು ಬೇಕು: ಇದನ್ನೆಲ್ಲ ದಿನವೂ ಹೊಸಬರಿಗೆ ವಿವರಿಸುವ ಕಷ್ಟ ತಪ್ಪುತ್ತದೆ. ಮಂಗಳೂರು, ಉಡುಪಿ, ಗೋವಾ ಕಡೆಯ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತ ಯುವಕರು ಇಂಥ ಹಡಗುಗಳಲ್ಲಿ ದುಡಿಯುತ್ತಿರುವುದರಿಂದ, ಮೇಜಿನ ಬಳಿ ಬಂದವರು ‘ನೀವು ಯಾವ ಊರಿನವರು?’ ಎಂದು ಕನ್ನಡದಲ್ಲೋ ತುಳುವಿನಲ್ಲೋ ಮಾತು ತೆಗೆಯುವುದೂ ಉಂಟು. ಅಂಥವರು ಒಬ್ಬರು ಸಿಕ್ಕಿದರೆ ಮಾತು ಹೆಚ್ಚು ಬೇಕಾಗುವುದಿಲ್ಲ, ಉಪ್ಪಿನಕಾಯಿಯೂ ಎಲ್ಲಿಂದಲೋ ಬರುತ್ತದೆ.

ಸ್ವೇಚ್ಛೆಯ ಪದ್ಧತಿಯನ್ನು ಆರಿಸಿದವರಿಗೆ ಇದು ಸಿಗುವುದೇ ಇಲ್ಲವೆಂದಲ್ಲ. ಮೊದಲ ರಾತ್ರಿ ಒಳ್ಳೆಯ ವೇಟರ್ ಸಿಕ್ಕಿದರೆ ಮೇಜಿನ ಸಂಖ್ಯೆಯನ್ನು ಗುರುತಿಟ್ಟುಕೊಂಡು, ಮರುದಿನದಿಂದ ಅದೇ ಮೇಜು ಬೇಕೆಂದು ಬಾಗಿಲಲ್ಲೇ ಕೇಳಬಹುದು. ಹಡಗಿನ ಆಪಿನಲ್ಲಿ ಏಳೂ ರಾತ್ರಿಗೆ ಒಂದೇ ಹೊತ್ತನ್ನು ಮುಂಗಡ ಕಾಯ್ದಿರಿಸಿದವರಿಗೆ ಇದು ಇನ್ನೂ ಸುಲಭ. ಆದರೂ ಕೊನೆಗೆ ಅದು ಭೋಜನಶಾಲೆಯವರ ಅನುಕೂಲಕ್ಕೆ ಬಿಟ್ಟದ್ದು.

ಜೈನ ಆಹಾರ, ಅಲರ್ಜಿ ಇಂಥವನ್ನು ಹಡಗು ಹತ್ತಿದ ಮೇಲೆ ಹೇಳಿದರೆ ಸಾಲದು. ಹೊರಡುವುದಕ್ಕೆ ತಿಂಗಳೆರಡು ತಿಂಗಳು ಮೊದಲೇ ಕಂಪನಿಗೆ ಬರೆದು ತಿಳಿಸಿ, ಅವರ ಉತ್ತರವನ್ನು ಮುದ್ರಿಸಿಕೊಂಡು ಜೊತೆಗೆ ಒಯ್ಯಬೇಕು.

ಐದನೆಯ ಹೆಜ್ಜೆ: ನಿರ್ಧಾರ

ನನ್ನ ಸಲಹೆ ಹೀಗೆ. ಅರವತ್ತೈದು ದಾಟಿದ ಹಿರಿಯರು, ಸಣ್ಣ ಮಕ್ಕಳು ಇಬ್ಬರೂ ಇರುವ ಮೂರು ತಲೆಮಾರಿನ ಕುಟುಂಬವಾದರೆ ಮೊದಲ ಸರದಿಯನ್ನು ಹಿಡಿಯಿರಿ, ಜುನೋದ ರಾತ್ರಿಯನ್ನು ಬಫೆಗೆ ಬಿಟ್ಟುಕೊಡಿ. ಐದೂವರೆ ಬಹಳ ಬೇಗವಾಯಿತೆಂದು ಅನ್ನಿಸಬಹುದು. ಆದರೆ ಆ ಹಡಗುಗಳಲ್ಲಿ ಮಧ್ಯಾಹ್ನದ ಊಟವನ್ನು ಹನ್ನೆರಡಕ್ಕೇ ಮುಗಿಸಿ, ನಾಲ್ಕರ ಚಹಾದ ಜೊತೆಗೆ ಕೇಕು ತಿನ್ನುವ ಆಸೆಯನ್ನು ಹಿಡಿತದಲ್ಲಿಟ್ಟರೆ ಎರಡನೆಯ ದಿನಕ್ಕೆಲ್ಲ ಮೈ ಒಗ್ಗಿಕೊಳ್ಳುತ್ತದೆ. ರಾತ್ರಿ ಒಂಬತ್ತಕ್ಕೆ ಮತ್ತೆ ಹಸಿವಾದವರಿಗೆ ತಿನ್ನಲು ಏನಾದರೂ ಸಿಕ್ಕೇ ಸಿಗುತ್ತದೆ.

ಗಟ್ಟಿಮುಟ್ಟಾದ ದೊಡ್ಡವರೇ ಇರುವ ಗುಂಪಾದರೆ, ಪ್ರತಿ ಬಂದರಿನಲ್ಲೂ ಪ್ರವಾಸ ಕಾಯ್ದಿರಿಸಿದವರಾದರೆ, ಸ್ವೇಚ್ಛೆಯ ಪದ್ಧತಿಯೇ ಸೂಕ್ತ. ಎಂಟು ಹತ್ತು ಜನರ ಗುಂಪಿಗೆ ಮಾತ್ರ ಅದು ಹೊಂದುವುದಿಲ್ಲ. ಇಬ್ಬರಿಗೆ ಮೇಜು ಸಿಗುವಷ್ಟು ಬೇಗ ಹತ್ತು ಜನರಿಗೆ ಸಿಗುವುದಿಲ್ಲ. ಹಾಗಾದರೆ ಎರಡನೆಯ ಸರದಿ ಯಾರಿಗೆ? ಬೆಳಿಗ್ಗೆ ತಡವಾಗಿ ಏಳುವ ಜೋಡಿಗಳಿಗೆ, ಸಂಜೆಯ ಬೆಳಕನ್ನು ಡೆಕ್ಕಿನಲ್ಲೇ ಕಳೆಯಬೇಕೆನ್ನುವ ಫೋಟೋ ಹುಚ್ಚಿನವರಿಗೆ. ಅಲಾಸ್ಕಾದಲ್ಲಿ ಈ ಹುಚ್ಚು ತಪ್ಪಲ್ಲ.

ಆರನೆಯ ಹೆಜ್ಜೆ: ಕಾಯ್ದಿರಿಸುವಾಗ, ಹತ್ತಿದ ದಿನ

ಮೊದಲ ಸರದಿ ಬೇಗ ತುಂಬಿಹೋಗುತ್ತದೆ. ಟಿಕೆಟ್ ಕಾಯ್ದಿರಿಸುವ ದಿನವೇ ಹೊತ್ತನ್ನೂ ಕಾಯ್ದಿರಿಸಿ, ದೃಢೀಕರಣದ ಕಾಗದದಲ್ಲಿ ಅದು ಮುದ್ರಣವಾಗಿದೆಯೇ ಎಂದು ನೋಡಿಕೊಳ್ಳಿ. ‘ಕಾಯುವ ಪಟ್ಟಿ’ ಎಂದಿದ್ದರೆ ಹದಿನೈದು ದಿನಕ್ಕೊಮ್ಮೆ ವಿಚಾರಿಸುತ್ತಿರಬೇಕು. ಜನ ಟಿಕೆಟ್ ರದ್ದುಮಾಡಿದಂತೆಲ್ಲ ಜಾಗ ತೆರವಾಗುತ್ತದೆ.

ಎರಡು ಮೂರು ಕ್ಯಾಬಿನ್‌ಗಳನ್ನು ಬೇರೆ ಬೇರೆಯಾಗಿ ಕಾಯ್ದಿರಿಸಿದ ಕುಟುಂಬಗಳು ಎಡವುವುದು ಒಂದೇ ಕಡೆ. ಅಪ್ಪ ಅಮ್ಮನ ಬುಕ್ಕಿಂಗಿಗೂ ನಿಮ್ಮದಕ್ಕೂ ನಂಟಿದೆ ಎಂಬುದು ಕಂಪನಿಯ ಗಣಕಕ್ಕೆ ತಾನಾಗಿ ತಿಳಿಯದು. ಎಲ್ಲರ ಬುಕ್ಕಿಂಗ್ ಸಂಖ್ಯೆಗಳನ್ನೂ ಕೊಟ್ಟು, ಊಟಕ್ಕೆ ಒಂದೇ ಮೇಜಿಗೆ ಜೋಡಿಸಿ ಎಂದು ಏಜೆಂಟರ ಮೂಲಕವೋ ಫೋನಿನಲ್ಲೋ ಸ್ಪಷ್ಟವಾಗಿ ಹೇಳಬೇಕು. ಎಲ್ಲರ ಸರದಿಯೂ ಒಂದೇ ಆಗಿರಬೇಕಾದದ್ದು ಅದಕ್ಕೂ ಮೊದಲ ಮಾತು. ಅಪರಿಚಿತರ ಜೊತೆ ದೊಡ್ಡ ಮೇಜಿನಲ್ಲಿ ಕೂರಲು ಇಷ್ಟವಿಲ್ಲದವರು ಅದನ್ನೂ ಆಗಲೇ ತಿಳಿಸುವುದು ಲೇಸು.

ಇಷ್ಟಾದ ಮೇಲೂ ತಪ್ಪು ಹೊತ್ತು ಬಂದಿದ್ದರೆ, ಹಡಗು ಹತ್ತಿದ ಕೂಡಲೇ, ಬಫೆಯ ಕಡೆಗೆ ನಡೆಯುವುದಕ್ಕೂ ಮೊದಲು, ಭೋಜನಶಾಲೆಯ ವ್ಯವಸ್ಥಾಪಕರನ್ನು ಕಾಣಿ. ಮೊದಲ ಮಧ್ಯಾಹ್ನ ಇದಕ್ಕೆಂದೇ ಅವರು ಒಂದೆರಡು ಗಂಟೆ ಕೂತಿರುತ್ತಾರೆ. ಎಲ್ಲಿ ಎಂಬುದು ಆ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಅಥವಾ ಆಪಿನಲ್ಲಿ ಇರುತ್ತದೆ. ಹಿರಿಯರ ಔಷಧಿ, ಮಕ್ಕಳ ನಿದ್ರೆ ಎಂದು ಕಾರಣವನ್ನು ಸೌಮ್ಯವಾಗಿ ಹೇಳಿದರೆ ಬಹಳಷ್ಟು ಸಲ ಕೆಲಸವಾಗುತ್ತದೆ. ನಮ್ಮ ಎರಡನೆಯ ಯಾನದಲ್ಲಿ ಹೀಗೆಯೇ ಬದಲಾಯಿಸಿಕೊಂಡೆವು. ಎರಡನೆಯ ದಿನಕ್ಕೆ ಮುಂದೂಡಿದರೆ ಮೇಜುಗಳೆಲ್ಲ ಗಟ್ಟಿಯಾಗಿರುತ್ತವೆ.

ಏಳನೆಯ ಹೆಜ್ಜೆ: ಯಾನದ ನಡುವೆ ಗಡಿಯಾರವನ್ನು ಕಾಯಿರಿ

ಅಲಾಸ್ಕಾದ ಹೊತ್ತು ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಜುನೋ ತಲುಪುವ ಮುನ್ನ ಹಡಗಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ, ವಿಕ್ಟೋರಿಯಾಕ್ಕೆ ಬರುವ ಮುನ್ನ ಮತ್ತೆ ಮುಂದಕ್ಕೆ ತಿರುಗಿಸುತ್ತಾರೆ. ಕೆನಡಾದ ಕರಾವಳಿಯ ಹತ್ತಿರ ಹಾದುಹೋಗುವಾಗ ಮೊಬೈಲ್ ತಾನಾಗಿಯೇ ದಡದ ಹೊತ್ತನ್ನು ತೋರಿಸಿ ಮೋಸಮಾಡಬಹುದು. ಫೋನಿನ ಸ್ವಯಂಚಾಲಿತ ಹೊತ್ತನ್ನು ನಿಲ್ಲಿಸಿ, ಹಡಗಿನ ಹೊತ್ತಿಗೆ ಕೈಯಾರೆ ಹೊಂದಿಸಿಕೊಳ್ಳಿ. ಇಲ್ಲವೇ ಹಿರಿಯರ ಕೈಗೆ ಹಳೆಯ ಮುಳ್ಳಿನ ಗಡಿಯಾರ ಕಟ್ಟಿ. ನಿಗದಿತ ಸರದಿಗೆ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ತಡವಾದರೆ ಒಳಗೆ ಬಿಡದಿರಬಹುದು. ಗಂಟೆ ಹಿಂದಕ್ಕೆ ಹೋದ ದಿನ ಮೈಗೆ ಊಟ ಒಂದು ಗಂಟೆ ತಡವಾದಂತೆ ಆಗುತ್ತದೆ. ಔಷಧಿ ತೆಗೆದುಕೊಳ್ಳುವವರು ಅಂದು ಸಂಜೆ ನಾಲ್ಕಕ್ಕೆ ಎರಡು ಬಿಸ್ಕೆಟ್ ತಿಂದಿರುವುದು ಒಳ್ಳೆಯದು.

ಸಿಯಾಟಲ್ ಬಿಟ್ಟ ಮೇಲೆ ದ್ವೀಪಗಳ ಆಸರೆ ತಪ್ಪಿ ತೆರೆದ ಸಾಗರ ಸಿಗುವಲ್ಲಿ ಹಡಗು ತುಯ್ಯುವುದುಂಟು. ಹೊಟ್ಟೆ ತೊಳಸುವವರಿಗೆ ಆ ರಾತ್ರಿ ಎರಡು ಗಂಟೆಯ ಊಟ ಹಿಂಸೆ. ಹಸಿರು ಸೇಬು, ಒಣ ಬಿಸ್ಕೆಟ್, ಶುಂಠಿ ಇವಿಷ್ಟರಲ್ಲಿ ಮುಗಿಸಿ ಮಲಗುವುದೇ ಮೇಲು. ಬರುವುದಿಲ್ಲವೆಂದು ಒಂದು ಮಾತು ಮೊದಲೇ ತಿಳಿಸಿದರೆ ವೇಟರ್ ನಿಮಗಾಗಿ ಕಾಯುವುದು ತಪ್ಪುತ್ತದೆ.

ಬೇರೆ ಕಡೆಯ ಯಾನಗಳಿಗೆ ಹೋಗುವವರೂ ಇದೇ ಹಾಳೆಯನ್ನು ಬರೆಯಬಹುದು, ಉತ್ತರ ಮಾತ್ರ ಬೇರೆ ಬರುತ್ತದೆ. ಮೆಡಿಟರೇನಿಯನ್‌ನಲ್ಲಿ ಯುರೋಪಿನವರ ಊಟವೇ ತಡವಾದ್ದರಿಂದ ಅಲ್ಲಿನ ಕಂಪನಿಗಳ ಸರದಿಗಳು ಅಮೆರಿಕದವಕ್ಕಿಂತ ತಡವಾಗಿಯೇ ಶುರುವಾಗುತ್ತವೆ. ನಮ್ಮ ಮನೆಯ ರೂಢಿಗೆ ಅಲ್ಲಿನ ಮೊದಲ ಸರದಿಯೇ ಹತ್ತಿರ. ಮುಂಬೈನಿಂದ ಗೋವಾ ಕಡೆಗೆ ಹೋಗಿಬರುವ ಎರಡು ಮೂರು ರಾತ್ರಿಗಳ ಯಾನಕ್ಕೆ ಇಷ್ಟೆಲ್ಲ ಲೆಕ್ಕ ಬೇಕಾಗಿಲ್ಲ.

ಇನ್ನು ಕೊನೆಯ ರಾತ್ರಿ. ವಿಕ್ಟೋರಿಯಾದಲ್ಲಿ ಇಳಿಯುವವರು ಅದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ದೊಡ್ಡ ಸೂಟ್‌ಕೇಸುಗಳಿಗೆ ಬಣ್ಣದ ಚೀಟಿ ಕಟ್ಟಿ ರಾತ್ರಿ ಹತ್ತು, ಹನ್ನೊಂದರೊಳಗೆ ಕ್ಯಾಬಿನ್ನಿನ ಬಾಗಿಲ ಹೊರಗಿಡಬೇಕು. ಸಿಬ್ಬಂದಿ ಅವನ್ನು ಅಂದೇ ರಾತ್ರಿ ಒಯ್ಯುತ್ತಾರೆ, ಮರಳಿ ಸಿಗುವುದು ಮರುದಿನ ಸಿಯಾಟಲ್‌ನ ಬಂದರಿನಲ್ಲಿಯೇ. ಮೊದಲ ಸರದಿಯವರಿಗೆ ಊಟ ಮುಗಿಸಿ ಇಳಿಯುವ ನಡುವೆ ಇದಕ್ಕೆ ಅರ್ಧ ಗಂಟೆ ಸಿಗುತ್ತದೆ, ಎರಡನೆಯ ಸರದಿಯವರು ಊಟಕ್ಕೆ ಹೋಗುವ ಮುನ್ನವೇ ಕಟ್ಟಿ ಮುಗಿಸಿರಬೇಕು. ಹಿರಿಯರ ರಾತ್ರಿಯ ಮಾತ್ರೆ, ಬೆಳಗಿನ ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್, ಮರುದಿನ ತೊಡುವ ಬಟ್ಟೆ ಇವಿಷ್ಟನ್ನು ಕೈಚೀಲದಲ್ಲಿ ಬೇರೆಯಾಗಿ ತೆಗೆದಿಟ್ಟ ಮೇಲೆಯೇ ಸೂಟ್‌ಕೇಸಿನ ಬೀಗ ಹಾಕಿ.